ಮೀಸೆ ತೋರಿಸದೆ ವೀರಪ್ಪನ್ ಸರಣಿ ಮಾಡಿದ ನನ್ನ ಅನುಭವ

ವೀರಪ್ಪನ್ ಮುಖ ಹಾಕದೆ ವೀರಪ್ಪನ್ ಬಗ್ಗೆ ವೀಡಿಯೊ ಮಾಡಿದರೆ ನಾಯಿಯೂ ಮೂಸಿ ನೋಡಲ್ಲ ಅಂತ ನನಗೆ ಹೇಳದವರಿಲ್ಲ. ಎಡಿಟಿಂಗ್ ಮಾಡಿಕೊಡುವ ಗೆಳೆಯ ಹೇಳಿದ. ಇದೇ ಕೆಲಸದಲ್ಲಿರುವ ಇಬ್ಬರು ಮೂವರು ಹೇಳಿದರು. ಮನೆಯಲ್ಲೂ ಹೇಳಿದರು. ಈಗ ಸರಣಿ ಮುಗಿದಿದೆ, ಹತ್ತು ಚಿಲ್ಲರೆ ಕಂತು. ಎಲ್ಲ ಸೇರಿ ನಾಲ್ಕು ಲಕ್ಷದ ಹತ್ತಿರ ವೀಕ್ಷಣೆ ಬಂದಿದೆ. ಅದಕ್ಕಿಂತ ಹೆಮ್ಮೆ ಅನಿಸಿದ್ದು ಬೇರೆ. ಇಪ್ಪತ್ತು ನಿಮಿಷದ ಕಂತನ್ನು ಜನ ಸರಾಸರಿ ಹದಿಮೂರು ನಿಮಿಷ ಕೂತು ನೋಡಿದ್ದಾರೆ. ಕ್ರೈಂ ಕಥೆ ಮಾಡುವವರಿಗೆ ಈ ಲೆಕ್ಕದ ಬೆಲೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಮೈಕ್, ಆ್ಯಪ್ ವಿಷಯ ಬಿಡುತ್ತೇನೆ, ಅದೆಲ್ಲ ನಿಮಗೆ ಗೊತ್ತಿರುವುದೇ.

ಮೊದಲು ಎಲ್ಲರ ಹಾಗೆ ಹುಟ್ಟಿನಿಂದಲೇ ಶುರು ಮಾಡಿದ್ದೆ. 1952ರಲ್ಲಿ ಗೋಪಿನಾಥಂನಲ್ಲಿ ಹುಟ್ಟು, ಆಮೇಲೆ ಆನೆದಂತ, ಆಮೇಲೆ ಶ್ರೀಗಂಧ, ಆಮೇಲೆ ಕೊಲೆ, ಅಪಹರಣ. ಹುಡುಗನೊಬ್ಬನಿಂದ ಚಿತ್ರ ಬರೆಸಿದೆ, ಒಂದಕ್ಕೆ 800 ರೂಪಾಯಿ. ಹದಿನೈದರ ಮೇಲೆ ಚಿತ್ರ, ಅಲ್ಲಿಗೆ ಹನ್ನೆರಡು ಸಾವಿರ ಹೋಯಿತು. ಹಳೆಯ ಟಿವಿ ದೃಶ್ಯ ಕೆಲವೇ ಸೆಕೆಂಡ್ ಹಾಕಿದ್ದಕ್ಕೆ ಒಂದು ಚಾನೆಲ್‌ನವರು ಕಾಪಿರೈಟ್ ಹಾಕಿದರು. ಕೊಲೆ, ರಕ್ತ ಅಂತ ಮಾತು ಬಂದಿದ್ದಕ್ಕೆ ಜಾಹೀರಾತೂ ನಿಂತಿತು. ಜಾಹೀರಾತು ಕಡಿತವಾದಾಗ ಯೂಟ್ಯೂಬ್ ತೋರಿಸುವ ಹಳದಿ ಡಾಲರ್ ಗುರುತು ಕಂಡವರಿಗೆ ಆ ಸಂಕಟ ಗೊತ್ತು.

ದುಡ್ಡು ಹೋದದ್ದು ಹೋಗಲಿ. ನನ್ನ ಹೊಟ್ಟೆ ಉರಿಸಿದ್ದು ಕಾಮೆಂಟುಗಳು. 'ಗಂಡು ಅಂದ್ರೆ ಇವನಪ್ಪಾ', 'ಕಾಡಿನ ರಾಜ'. ನಾನು ಹೊಗಳಿ ಒಂದು ಮಾತೂ ಬರೆದಿರಲಿಲ್ಲ. ಆದರೆ ಒಬ್ಬನ ಹುಟ್ಟಿನಿಂದ ಶುರು ಮಾಡಿ ಅವನ ಹಿಂದೆಯೇ ನಡೆದರೆ ನೋಡುವವರೂ ಅವನ ಪಕ್ಕವೇ ನಡೆಯುತ್ತಾರೆ. ಸತ್ತವರು ದಾರಿಯಲ್ಲಿ ಸಿಗುವ ಲೆಕ್ಕ ಅಷ್ಟೆ. ಅದನ್ನೆಲ್ಲ ಅಳಿಸಿಹಾಕಿದೆ.

ದಾರಿ ತೋರಿಸಿದ್ದು ಹನೂರು ಕಡೆಯ ಒಬ್ಬ ನಿವೃತ್ತ ಅರಣ್ಯ ವಾಚರ್. ಅವರ ಮುಂದೆ ಫೋನಿನಲ್ಲಿ ರಸ್ತೆ ಮ್ಯಾಪ್ ಹಿಡಿದು, ಅಲ್ಲಿಂದ ಇಲ್ಲಿಗೆ ಇಷ್ಟು ಬೇಗ ಹೇಗೆ ಬಂದ ಅಂತ ಕೇಳಿದೆ. 'ನೀವು ರಸ್ತೆ ನೋಡ್ತಾ ಇದ್ದೀರಿ ಸಾರ್, ಅವನು ಹಳ್ಳ ನೋಡ್ತಿದ್ದ' ಅಂದರು. ಅಂದು ರಾತ್ರಿಯೇ ರಸ್ತೆಗಳನ್ನೆಲ್ಲ ತೆಗೆದು, ಬರೀ ಬೆಟ್ಟ, ಹಳ್ಳ, ಕಾವೇರಿ, ರಾಜ್ಯದ ಗಡಿ ಇರುವ ಮ್ಯಾಪ್ ಬರೆಯಲು ಕೂತೆ. ಸರ್ವೇ ಆಫ್ ಇಂಡಿಯಾ ಹಾಳೆಗಳ ಮೇಲೆ ಕ್ಯೂಜಿಐಎಸ್‌ನಲ್ಲಿ ಗೆರೆ ಎಳೆದೆ. ಸಾಫ್ಟ್‌ವೇರ್ ಪುಕ್ಕಟೆ. ಹೋದದ್ದು ಕಣ್ಣು ಮತ್ತು ನಿದ್ದೆ.

ಆ ಮ್ಯಾಪ್ ಕಪ್ಪು ಹಿನ್ನೆಲೆಯಲ್ಲಿ ತೆರೆಯ ಮೇಲೆ, ಅದರ ಮೇಲೆ ನನ್ನ ದನಿ. ಅಷ್ಟೇ ಸರಣಿ. ಒಂದು ಕಂತಿಗೆ ಒಂದೇ ಜಾಗ. ಮೊದಲು ಆ ಜಾಗ, ಆಮೇಲೆ ಅಲ್ಲಿ ಸತ್ತವರ ಬದುಕು, ಕೊನೆಗೆ ಅವನು. ಮೊದಲ ಐದು ನಿಮಿಷ ಅವನ ಹೆಸರೂ ಬರಬಾರದು ಅಂತ ನಿಯಮ ಹಾಕಿಕೊಂಡೆ. ಎಡಿಟರ್ ತಲೆ ಚಚ್ಚಿಕೊಂಡ.

ಗೋಪಿನಾಥಂನ ಮ್ಯಾಪ್ ಹಾಕಿದ ತಕ್ಷಣ ಅರ್ಧ ಕಥೆ ತಾನಾಗಿ ಬಿಚ್ಚಿಕೊಂಡಿತು. ಊರು ಕರ್ನಾಟಕದ್ದು, ಆದರೆ ಕೊಳ್ಳೇಗಾಲಕ್ಕಿಂತ ತಮಿಳುನಾಡಿನ ಮೆಟ್ಟೂರು ಹತ್ತಿರ. ಒಂದು ರಾಜ್ಯದ ಪೊಲೀಸರು ಅಟ್ಟಿದರೆ ಇನ್ನೊಂದಕ್ಕೆ ದಾಟಬಹುದು. ಅವನನ್ನು 1986ರಲ್ಲಿ ಒಮ್ಮೆ ಹಿಡಿದಿದ್ದರು, ಬೂದಿಪಡಗದ ಅರಣ್ಯ ಬಂಗಲೆಯಿಂದ ತಪ್ಪಿಸಿಕೊಂಡ. ಆಮೇಲೆ ಅದೇ ಗೋಪಿನಾಥಂನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಬಂದು ನೆಲೆಸಿದರು. ಊರಿಗೆ ಔಷಧಿ ವ್ಯವಸ್ಥೆ ಮಾಡಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು, ಗ್ಯಾಂಗಿನಲ್ಲಿದ್ದವರನ್ನು ಶರಣಾಗಲು ಒಪ್ಪಿಸುತ್ತಿದ್ದರು. ವೀರಪ್ಪನ್ ಕೂಡ ಶರಣಾಗುತ್ತಾನೆ ಅಂತ ಸುದ್ದಿ ಬಂತು. 1991ರ ನವೆಂಬರ್ 10ರಂದು ಬಂದೂಕು ಇಲ್ಲದೆ ಎರಕೆಯಂ ಕಡೆ ನಡೆದು ಹೋದರು. ಅಲ್ಲಿ ವೀರಪ್ಪನ್ ಗ್ಯಾಂಗ್ ಅವರನ್ನು ಗುಂಡಿಟ್ಟು ಕೊಂದು ತಲೆ ಕಡಿಯಿತು. ಅವರಿಗೆ ಆಗ 37 ವರ್ಷ. ಸತ್ತ ಮೇಲೆ ಕೀರ್ತಿ ಚಕ್ರ ಬಂತು. ಊರವರು ಇವತ್ತಿಗೂ ಅವರ ಫೋಟೊಗೆ ಕೈ ಮುಗಿಯುತ್ತಾರೆ. ಈ ಕಂತಿನಲ್ಲಿ ಮ್ಯಾಪಿನ ಮೇಲೆ ಒಂದು ಚುಕ್ಕೆ ಊರಿನಿಂದ ಹಳ್ಳದ ಪಕ್ಕ ನಿಧಾನವಾಗಿ ನಡೆಯುತ್ತದೆ. ಸಂಗೀತ ಇಲ್ಲ. ಆ ಒಂದೂವರೆ ನಿಮಿಷ ಯಾರೂ ಓಡಿಸಿ ನೋಡಿಲ್ಲ, ಗ್ರಾಫ್ ಸಪಾಟಾಗಿದೆ. ಆ ಗ್ರಾಫನ್ನು ನಾನು ಎಡಿಟರ್‌ಗೆ ಎರಡು ಸಲ ಕಳಿಸಿದೆ.

ಮ್ಯಾಪ್ ಮಾಡುವವರಿಗೆ ಒಂದು ಮಾತು. ಆಗ ಚಾಮರಾಜನಗರ ಜಿಲ್ಲೆ ಇರಲಿಲ್ಲ, 1997ರಲ್ಲಿ ಆಯಿತು. ಅದಕ್ಕೇ ಹಳೆಯ ವರದಿಗಳಲ್ಲಿ ಎಲ್ಲವೂ ಮೈಸೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು. ಈಗಿನ ಗಡಿ ಹಾಕಿದರೆ ಮೀಣ್ಯಂ ಕಾಡಿನಲ್ಲಿ ಮೈಸೂರಿನ ಎಸ್‌ಪಿಗೆ ಏನು ಕೆಲಸ ಅಂತ ಗೊಂದಲ ಆಗುತ್ತದೆ. 1992ರ ಮೇ ತಿಂಗಳಲ್ಲಿ ವೀರಪ್ಪನ್ ರಾಮಾಪುರ ಠಾಣೆಗೆ ನುಗ್ಗಿ ಪೊಲೀಸರನ್ನು ಕೊಂದು ಬಂದೂಕು ಹೊತ್ತೊಯ್ದ. ಅದೇ ಆಗಸ್ಟ್ 14ರಂದು ಎಸ್‌ಪಿ ಟಿ. ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಮತ್ತು ಜೊತೆಗಿದ್ದವರು ಮೀಣ್ಯಂ ಬಳಿ ಹೊಂಚುದಾಳಿಗೆ ಬಲಿಯಾದರು. ಎರಡನ್ನೂ ಒಂದೇ ಕಂತಿಗೆ ತುರುಕಬೇಡ ಅಂತ ಎಲ್ಲರೂ ಹೇಳಿದರು. ನಾನು ಸೇರಿಸಿದೆ, ಯಾಕೆಂದರೆ ಮ್ಯಾಪಿನಲ್ಲಿ ಅವೆರಡು ಪಕ್ಕಪಕ್ಕವೇ ಇವೆ.

ಪಾಲಾರ್ ಕಂತಿಗೆ ಒಂದು ಪೈಸೆ ಖರ್ಚಿಲ್ಲ, ಆದರೆ ಜಾಸ್ತಿ ದಿನ ಹಿಡಿಯಿತು. 1993ರ ಏಪ್ರಿಲ್ 9, ವೀರಪ್ಪನ್ ಗ್ಯಾಂಗ್ ಇಟ್ಟ ನೆಲಬಾಂಬ್, 22 ಸಾವು. ಇದಕ್ಕೆ ಸುಪ್ರೀಂ ಕೋರ್ಟ್ ತೀರ್ಪೇ ಇದೆ, ಯಾರು ಬೇಕಾದರೂ ಓದಬಹುದು. ನಮ್ಮಲ್ಲಿ ಜಾಸ್ತಿ ಜನ ತೀರ್ಪು ಓದಲ್ಲ, ಇನ್ನೊಬ್ಬರ ವೀಡಿಯೊ ನೋಡಿ ವೀಡಿಯೊ ಮಾಡುತ್ತಾರೆ. ಓದಿ, ಮುಂದಿನ ಕಥೆಯೂ ಅಲ್ಲೇ ಸಿಗುತ್ತದೆ. ಈ ಪ್ರಕರಣದ ನಾಲ್ಕು ಜನರಿಗೆ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟ್ 2001ರಲ್ಲಿ ಜೀವಾವಧಿ ಕೊಟ್ಟಿತು. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲು ಶಿಕ್ಷೆಗೆ ಏರಿಸಿತು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆಯಿತು ಅಂತ 2014ರಲ್ಲಿ ಅದೇ ಕೋರ್ಟ್ ಮತ್ತೆ ಜೀವಾವಧಿಗೆ ಇಳಿಸಿತು.

ಅಂಕಿ ವಿಷಯದಲ್ಲಿ ನಾನು ಜಿಪುಣ. ಆನೆ ಎಷ್ಟು ಕೊಂದ ಅಂದರೆ ಒಬ್ಬರು 200 ಅಂತಾರೆ, ಇನ್ನೊಬ್ಬರು 2000 ಅಂತಾರೆ. ಗಂಧದ ಟನ್ ಲೆಕ್ಕವೂ ಹಾಗೆಯೇ. ನಾನು ಯಾವುದನ್ನೂ ಹೇಳಲಿಲ್ಲ. ತೀರ್ಪು, ಆ ವಾರದ ಪತ್ರಿಕೆ, ಆ ಊರಿನ ಒಬ್ಬರು, ಈ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಅಂಕಿ ತೆರೆಯ ಮೇಲೆ ಬಂತು. ಅಂಕಿ ಇಲ್ಲದೆ ಥಂಬ್‌ನೇಲ್‌ಗೆ ಏನು ಬರೆಯೋದು ಅಂತ ಕೇಳಬಹುದು. ಅದಕ್ಕೊಂದು ಉಪಾಯ ಇದೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಗಾಜನೂರು ಕಂತು ಎಲ್ಲಕ್ಕಿಂತ ಕಷ್ಟ. 2000ದ ಜುಲೈ 30ರ ರಾತ್ರಿ ಅಣ್ಣಾವ್ರನ್ನು ಕರೆದೊಯ್ದದ್ದು, 108 ದಿನ, ನವೆಂಬರ್ 15ಕ್ಕೆ ಬಿಡುಗಡೆ. ಇದು ಕನ್ನಡದವರಿಗೆ ಬಾಯಿಪಾಠ. ಹೊಸದಾಗಿ ಹೇಳೋಕೆ ಏನಿದೆ? ನಾನು ಆ ಕಂತನ್ನು ಗಾಜನೂರಿನಿಂದ ಶುರು ಮಾಡಲೇ ಇಲ್ಲ, ದೆಹಲಿಯ ಸುಪ್ರೀಂ ಕೋರ್ಟಿನಿಂದ ಶುರು ಮಾಡಿದೆ. ವೀರಪ್ಪನ್ ಬೇಡಿಕೆಯಂತೆ ಟಾಡಾ ಕೈದಿಗಳ ಮೇಲಿನ ಆರೋಪ ಕೈಬಿಡಲು ಸರ್ಕಾರಗಳು ಹೊರಟಾಗ ಅದನ್ನು ತಡೆಯಲು ಕೋರ್ಟಿಗೆ ಹೋದವರು ಒಬ್ಬ ತಂದೆ, ಅಬ್ದುಲ್ ಕರೀಂ. ಮೀಣ್ಯಂನಲ್ಲಿ ಸತ್ತ ಎಸ್‌ಐ ಶಕೀಲ್ ಅಹ್ಮದ್ ಈ ಕರೀಂ ಅವರ ಮಗ. ಇಡೀ ರಾಜ್ಯ ಉಸಿರು ಬಿಗಿಹಿಡಿದು ಕೂತಿದ್ದಾಗ, ನನ್ನ ಮಗನನ್ನು ಕೊಂದ ಪ್ರಕರಣದವರನ್ನು ಬಿಡಬೇಡಿ ಅಂತ ನಿಲ್ಲಲು ಎಂಥ ಎದೆ ಬೇಕು ಯೋಚಿಸಿ. ನವೆಂಬರ್ 7ರಂದು ಕೋರ್ಟ್ ಅವರ ಕಡೆ ತೀರ್ಪು ಕೊಟ್ಟಿತು. ಕೈದಿಗಳನ್ನು ಬಿಡದೆಯೇ ಎಂಟು ದಿನಕ್ಕೆ ರಾಜ್‌ಕುಮಾರ್ ಹೊರಬಂದರು. ಅಣ್ಣಾವ್ರ ಅಭಿಮಾನಿಗಳು ಬೈಯುತ್ತಾರೆ ಅಂತ ಹೆದರಿಸಿದ್ದರು. ನಾನೂ ಅಭಿಮಾನಿಯೇ. ಒಬ್ಬರೂ ಬೈಯಲಿಲ್ಲ. ಅತಿ ಹೆಚ್ಚು ಓಡಿದ ಕಂತು ಇದೇ, ಲಕ್ಷದ ಮೇಲೆ.

ಬೈಗುಳ ಬಂದದ್ದು ಮಾದೇಶ್ವರ ಬೆಟ್ಟದ ಕಂತಿಗೆ. ವೀರಪ್ಪನ್ ಹಿಡಿಯಲು ರಚಿಸಿದ್ದ ವಿಶೇಷ ಪೊಲೀಸ್ ಪಡೆ ಎಸ್‌ಟಿಎಫ್‌ನ 'ವರ್ಕ್‌ಶಾಪ್', ಅಂದರೆ ವಿಚಾರಣೆಗೆ ಜನರನ್ನು ತರುತ್ತಿದ್ದ ಜಾಗದ ಬಗ್ಗೆ ಆ ಕಡೆ ಎಲ್ಲರಿಗೂ ಗೊತ್ತು. ಅವನಿಗೆ ಅಕ್ಕಿ ಕೊಟ್ಟಿರಿ, ಸುದ್ದಿ ಕೊಟ್ಟಿರಿ ಅಂತ ಹಳ್ಳಿಯ ಗಂಡಸರು, ಹೆಂಗಸರನ್ನು ತಂದು ಹಿಂಸೆ ಕೊಟ್ಟ ದೂರುಗಳು. ಮಾನವ ಹಕ್ಕು ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. 2007ರಲ್ಲಿ 89 ಜನರಿಗೆ 2.80 ಕೋಟಿ ಪರಿಹಾರ ಕೊಡಿ ಅಂತ ಹೇಳಿತು. ಪೊಲೀಸರ ಸಾವಿಗೆ ಅತ್ತವನು ಇದನ್ನು ಬಿಟ್ಟರೆ ನನ್ನ ಮ್ಯಾಪೇ ಸುಳ್ಳು. ಆ ವಾರ ಚಂದಾದಾರರು ಸುಮಾರು 400 ಜನ ಬಿಟ್ಟು ಹೋದರು. ತಿಂಗಳೊಳಗೆ ಅದರ ಎರಡರಷ್ಟು ಬಂದರು.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ, ಬರೀ ಗಂಧದ ಮರದ ಮೇಲೆ ಒಂದು ಕಂತು. 2001ರ ತಿದ್ದುಪಡಿ ಬರುವವರೆಗೆ ನಮ್ಮ ರಾಜ್ಯದಲ್ಲಿ ಸ್ವಂತ ಜಮೀನಿನಲ್ಲಿ ಬೆಳೆದ ಗಂಧವೂ ಸರ್ಕಾರದ್ದೇ ಆಗಿತ್ತು, ರೈತ ಯಾಕೆ ಬೆಳೆಸುತ್ತಾನೆ? ಹಾಗಾಗಿ ಗಂಧ ಅಂದರೆ ಕಾಡು, ಕಾಡು ಅಂದರೆ ಕಳ್ಳ. ವೀಕ್ಷಣೆ ಏಳೆಂಟು ಸಾವಿರಕ್ಕೆ ನಿಂತಿತು, ಆದರೆ ರೈತರಿಂದ ಫೋನ್ ಜಾಸ್ತಿ ಬಂತು. ಇನ್ನೊಂದು, ಕಾಡಿನ ರಾತ್ರಿಯ ಸದ್ದು ಹಾಕಿ ನೋಡಿದೆ. ಜೀರುಂಡೆ ನಡುವೆ ಮಾತೇ ಕೇಳಿಸಲಿಲ್ಲ, ತೆಗೆದೆ.

ಕಾಮಗೆರೆಯ ಮಾಜಿ ಸಚಿವ ನಾಗಪ್ಪನವರ ಕಂತನ್ನು ಚಿಕ್ಕದಾಗಿ ಮಾಡಿದೆ. 2002ರ ಆಗಸ್ಟ್ 25ಕ್ಕೆ ಮನೆಯಿಂದ ಎತ್ತಿಕೊಂಡು ಹೋದರು, ಡಿಸೆಂಬರ್ 8ಕ್ಕೆ ಚಂಗಡಿ ಕಾಡಿನಲ್ಲಿ ಶವ ಸಿಕ್ಕಿತು. ಕೊನೆಯ ಕಂತು ತಮಿಳುನಾಡಿನ ಪಾಪಾರಪಟ್ಟಿ. 2004ರ ಅಕ್ಟೋಬರ್ 18ರ ರಾತ್ರಿ, ಕಣ್ಣಿನ ಚಿಕಿತ್ಸೆಗೆ ಅಂತ ವೀರಪ್ಪನ್ ಆಂಬ್ಯುಲೆನ್ಸ್ ಹತ್ತಿದ. ಅದು ತಮಿಳುನಾಡು ಎಸ್‌ಟಿಎಫ್‌ನವರೇ ಕಳಿಸಿದ್ದ ಗಾಡಿ. ಕೆ. ವಿಜಯ್ ಕುಮಾರ್ ಅವರ ತಂಡ ಅವನನ್ನೂ ಮೂವರು ಸಹಚರರನ್ನೂ ಅಲ್ಲೇ ಮುಗಿಸಿತು. ಇದನ್ನು ಎಲ್ಲರೂ ಮುಕ್ಕಾಲು ಗಂಟೆ ಎಳೆಯುತ್ತಾರೆ. ನನ್ನದು ಒಂಬತ್ತು ನಿಮಿಷ. ಹಳ್ಳ ಬಿಟ್ಟು ರಸ್ತೆಗೆ ಬಂದ ಅಂತ ಮ್ಯಾಪಿನಲ್ಲಿ ಮೊದಲ ಸಲ ರಸ್ತೆಯ ಗೆರೆ ಮೂಡಿಸಿದೆ, ಅಷ್ಟು ಸಾಕಾಯಿತು.

ದುಡ್ಡಿನ ಲೆಕ್ಕ ಕೇಳುತ್ತೀರಿ, ಗೊತ್ತು. ವ್ಯರ್ಥವಾದ ಚಿತ್ರಗಳು ಹನ್ನೆರಡು ಸಾವಿರ, ಎಡಿಟಿಂಗ್ ಕಂತಿಗೆ 1500, ಕೊಳ್ಳೇಗಾಲ, ಹನೂರು, ಬೆಟ್ಟ ಅಂತ ಓಡಾಟಕ್ಕೆ ಇಪ್ಪತ್ತು ಸಾವಿರದ ಮೇಲೆ. ಒಟ್ಟು ಐವತ್ತರ ಹತ್ತಿರ. ಜಾಹೀರಾತಿನಿಂದ ಇವತ್ತಿನವರೆಗೆ ಮೂವತ್ತೆಂಟೋ ನಲವತ್ತೋ ಸಾವಿರ ಬಂದಿದೆ. ಮ್ಯಾಪ್‌ನಲ್ಲಿ ರಕ್ತ ಇಲ್ಲದ ಕಾರಣ ಹಳದಿ ಡಾಲರ್ ಕಾಟ ಎರಡೇ ಕಂತಿಗೆ ಬಂತು. ನಿವೃತ್ತ ಸಿಬ್ಬಂದಿ ಹೇಗೆ ಬಾಯಿ ಬಿಟ್ಟರು ಅಂತ ತುಂಬ ಜನ ಮೆಸೇಜ್ ಮಾಡಿದ್ದಾರೆ. ಅದನ್ನು ಹೇಳಲ್ಲ, ಅವರು ನಂಬಿ ಮಾತಾಡಿದ್ದಾರೆ. ಮೈಕ್ ಹಿಡಿದುಕೊಂಡು ಮೊದಲ ದಿನವೇ ಹೋಗಬೇಡಿ, ಅಷ್ಟು ಹೇಳಬಲ್ಲೆ.

ಈಗ ತಮಿಳಿಗೆ ಮಾಡುತ್ತಿದ್ದೇನೆ. ಸೇಲಂ ಕಡೆಯ ಒಬ್ಬರು ಕಂತಿಗೆ ಎರಡು ಸಾವಿರಕ್ಕೆ ದನಿ ಕೊಡಲು ಒಪ್ಪಿದ್ದಾರೆ. ಊರು, ಹಳ್ಳಗಳ ಹೆಸರನ್ನೆಲ್ಲ ಮ್ಯಾಪಿನಲ್ಲಿ ಮತ್ತೆ ಬರೆಯಬೇಕು. ಮೆಟ್ಟೂರಿನ ಈಚೆ ದಡದ ಹಳ್ಳಗಳಿಗೆ ಅಲ್ಲಿಯವರು ಬೇರೆ ಹೆಸರು ಹೇಳುತ್ತಾರೆ. ಆ ಕಡೆ ಓಡಾಡಿ ಗೊತ್ತಿರುವವರು ಯಾರಾದರೂ ಇದ್ದರೆ ತಿಳಿಸಿ. ಊಟ, ಬಸ್ ಚಾರ್ಜ್ ನನ್ನದು.