ಸೊಳ್ಳೆ ಬ್ಯಾಟಿನಲ್ಲಿ ಪೋಲಿಂಗ್ ಆದ ಬಿಲ್ಲೆ

"ಪಿಐಆರ್ ಸೆನ್ಸರ್ ಅಂಗಡೀಲಿ ನೂರು ರೂಪಾಯಿಗೆ ಸಿಗುತ್ತೆ, ನೀನ್ಯಾಕೋ ಸೀಸ ಸುಡ್ತಾ ಕೂತಿದ್ದೀಯ?" ಅಂತ ನಮ್ಮ ಭಾವ ಎರಡು ವರ್ಷ ರೇಗಿಸಿದರು. ಅವರ ಮಾತು ಸುಳ್ಳೇನಲ್ಲ. ಯಾರಾದರೂ ಓಡಾಡಿದರೆ ಮೈಶಾಖ ಗುರುತಿಸಿ ಲೈಟ್ ಹತ್ತಿಸುವ ಸೆನ್ಸರ್ ಅದು. ಆದರೆ ಅದರೊಳಗಿನ, ಶಾಖ ಬದಲಾದರೆ ಸಿಗ್ನಲ್ ಕೊಡುವ ಚೂರು ಸೆರಾಮಿಕ್ ನನ್ನ ಕೈಯಲ್ಲೇ ಆಗಬೇಕು ಅಂತ ಹಟ. ಹೋದ ತಿಂಗಳು ಆಯಿತು.

ದಾವಣಗೆರೆಯ ಪಿ.ಬಿ. ರೋಡ್ ಪಕ್ಕ ನನ್ನ ಶೆಡ್ಡು. ಹಲ್ಲಿನ ಲ್ಯಾಬಿನವರೊಬ್ಬರು ಮಾರಿದ ಹಳೆ ಫರ್ನೇಸ್ 1200 ಡಿಗ್ರಿ ಮುಟ್ಟುತ್ತದೆ, ಅದಕ್ಕಿಂತ ಮೇಲೆ ಕೇಳಬಾರದು. ಪುಡಿ ಪಿಜೆಡ್‌ಟಿ, ಅಂದರೆ ಸೀಸ, ಜಿರ್ಕೋನಿಯಂ, ಟೈಟಾನಿಯಂ ಸೇರಿದ ಆಕ್ಸೈಡ್. ಜಿರ್ಕೋನಿಯಂ ಜಾಸ್ತಿ ಇರುವ 95/5, ಟೈಟಾನಿಯಂ ಐದೇ ಪಾಲು. ಚೂರು ನಯೋಬಿಯಂ ಸೇರಿಸಿದ್ದೇನೆ. ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ.

ಪುಡಿ ಒತ್ತಿ ಮಾಡಿದ ಮೊದಲ ಇಪ್ಪತ್ತು ಬಿಲ್ಲೆ ದಂಡ. ಕೆಲವು ಬಿರುಕು ಬಿಟ್ಟವು. ಅದು ನನ್ನ ಅವಸರ, ಪುಡಿ ಹಿಡಿದುಕೊಳ್ಳಲು ಹಾಕಿದ ಅಂಟು ಪಿವಿಎ ಸುಟ್ಟುಹೋಗಲಿ ಅಂತ 500 ಡಿಗ್ರಿ ಹತ್ತಿರ ನಿಲ್ಲಿಸಿರಲೇ ಇಲ್ಲ. ಉಳಿದವು ನೋಡಲು ಚೆನ್ನಾಗಿದ್ದವು, ಸಿಗ್ನಲ್ ಮಾತ್ರ ಸೊನ್ನೆ. ಆರು ತಿಂಗಳು ಆಂಪ್ಲಿಫೈಯರನ್ನೇ ಬೈದುಕೊಂಡೆ. ಒಂದು ದಿನ ಸುಮ್ನೆ ಬಿಲ್ಲೆಯನ್ನು ಸುಡುವ ಮುಂಚೆ, ಸುಟ್ಟ ಮೇಲೆ ತೂಗಿದೆ. 2.1 ಗ್ರಾಂ ಇದ್ದದ್ದು 2 ಗ್ರಾಂಗೆ ಬಂದಿತ್ತು. ಪಿವಿಎ ಲೆಕ್ಕ ಬಿಟ್ಟರೂ ನೂರಕ್ಕೆ ಮೂರು ಪಾಲು ಸೀಸದ ಆಕ್ಸೈಡ್ ಆವಿಯಾಗಿ ಹಾರಿಹೋಗಿತ್ತು. ಫರ್ನೇಸಿನ ಇಟ್ಟಿಗೆ ಮೇಲೆ ಹಳದಿ ಕಲೆ ದಿನಾ ಕಾಣುತ್ತಿತ್ತು, ತಲೆಗೆ ಹೋಗಿರಲಿಲ್ಲ!

ಆಮೇಲೆ ಅಲ್ಯುಮಿನಾ ಮೂಸೆಯಲ್ಲಿ ಲೆಡ್ ಜಿರ್ಕೋನೇಟ್ ಪುಡಿ ತುಂಬಿ, ಬಿಲ್ಲೆಯನ್ನು ಅದರೊಳಗೆ ಹೂತು, ಮುಚ್ಚಳ ಮೆತ್ತಿ ಸುಟ್ಟೆ. ಮಿಶ್ರಣಕ್ಕೂ ನೂರಕ್ಕೆ ಮೂರರಷ್ಟು ಸೀಸ ಜಾಸ್ತಿ ಹಾಕಿದೆ. ಸೀಸದ ನಷ್ಟ ಅರ್ಧ ಪರ್ಸೆಂಟಿಗಿಂತ ಕಮ್ಮಿಗೆ ಇಳಿಯಿತು. ಮುಚ್ಚಳ ಯಾವುದರಿಂದ ಮೆತ್ತಿದೆ ಅಂತ ಕೇಳಬೇಡಿ. ಹೊಗೆ ಹೊರಗೆ ಹೋಗಲು ಫ್ಯಾನು, ಮುಖಕ್ಕೆ ಮಾಸ್ಕು, ಇದರಲ್ಲಿ ಮಾತ್ರ ಜಿಪುಣತನ ಮಾಡಿಲ್ಲ. ಮೂಸೆ ಒಂದಕ್ಕೆ ಏಳೆಂಟು ನೂರು, ಆರು ಒಡೆದಿವೆ. ಒಟ್ಟು ಖರ್ಚು ಮೂವತ್ತು ಸಾವಿರ ದಾಟಿದೆ. ಮನೆಯಲ್ಲಿ ಹೇಳಿರುವುದು ಹನ್ನೆರಡು.

ಬಿಲ್ಲೆಯನ್ನು 0.4 ಮಿ.ಮೀ.ಗೆ ಉಜ್ಜಿ, ಎರಡೂ ಕಡೆ ಬೆಳ್ಳಿ ಪೇಸ್ಟ್ ಹಚ್ಚಿ ಸುಟ್ಟದ್ದಾಯಿತು. ಪೋಲಿಂಗಿಗೆ, ಅಂದರೆ ಬಿಲ್ಲೆಯೊಳಗಿನ ಧ್ರುವಗಳನ್ನು ವೋಲ್ಟೇಜಿನಿಂದ ಒಂದೇ ದಿಕ್ಕಿಗೆ ತಿರುಗಿಸಲು, ಹೈ ವೋಲ್ಟೇಜ್ ಸಪ್ಲೈ ವಿಚಾರಿಸಿದರೆ ನಲವತ್ತು ಸಾವಿರ ಅಂದರು. ಸೊಳ್ಳೆ ಬ್ಯಾಟ್ ಬಿಚ್ಚಿದೆ. ಹನ್ನೆರಡು ನೂರು ವೋಲ್ಟ್ ಕೊಡುತ್ತದೆ, ಈ ದಪ್ಪಕ್ಕೆ ಅಷ್ಟು ಸಾಕು, ಅಲ್ವಾ? ಮೊದಲು ಶೇಂಗಾ ಎಣ್ಣೆಯಲ್ಲಿ ಮುಳುಗಿಸಿದೆ. ನೀರಿನಂಶ ಇತ್ತೇನೋ, ಚಟಪಟ ಅಂತ ಕಿಡಿ ಹಾರಿ ಎರಡು ಬಿಲ್ಲೆ ತೂತಾದವು. ಸಿಲಿಕೋನ್ ಎಣ್ಣೆ ತಂದು 120 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟೆ, ವೋಲ್ಟೇಜ್ ತೆಗೆಯದೆ ಹಾಗೇ ಆರಿಸಿದೆ.

ಕೆಟ್ಟ ಪಿಐಆರ್ ಒಂದರ ಜೆಫೆಟ್ (ಸಣ್ಣ ಸಿಗ್ನಲ್ ಹಿಡಿಯುವ ಟ್ರಾನ್ಸಿಸ್ಟರ್) ಕಿತ್ತು ಬಿಲ್ಲೆಗೆ ಸೇರಿಸಿದೆ. ಕೈ ತೋರಿಸಿದರೆ ಸಿಗ್ನಲ್ ಬಂತು. ರೋಡಿನಲ್ಲಿ ಲಾರಿ ಹೋದರೂ ಬಂತು! ಪೈರೋ (ಶಾಖಕ್ಕೆ ಸಿಗ್ನಲ್ ಕೊಡುವುದು) ಅಂದಮೇಲೆ ಪಿಯೆಜೊ (ಅದುರಿಗೆ ಸಿಗ್ನಲ್ ಕೊಡುವುದು) ಕೂಡ ಹೌದಲ್ಲ. ಎರಡು ಬಿಲ್ಲೆ ಒಂದಕ್ಕೊಂದು ಉಲ್ಟಾ ಜೋಡಿಸಿದ ಮೇಲೆ ಲಾರಿ ಕಾಟ ತಪ್ಪಿತು.

ಶಾಖ ಚೆನ್ನಾಗಿ ಹೀರಲಿ ಅಂತ ಬಿಲ್ಲೆಗೆ ಕರ್ಪೂರದ ಮಸಿ ಹಿಡಿಸಿ ನೋಡಿದೆ, ಸಿಗ್ನಲ್ ಒಂದೂವರೆ ಪಟ್ಟು. ಅಂಚಿಗೆ ಮಸಿ ತಾಗಿದರೆ ಮಾತ್ರ ಶಾರ್ಟ್. ಮುಂದೆ ಗಾಜು ಇಟ್ಟರೆ ಏನೂ ದಾಟುವುದಿಲ್ಲ, ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಸಾಕಾಯಿತು. ಮಂಡಕ್ಕಿ ಭಟ್ಟಿಗೂ ಒಯ್ದಿದ್ದೆ. ಶಾಖ ಬದಲಾಗುತ್ತಿದ್ದರೆ ಮಾತ್ರ ಸಿಗ್ನಲ್ ಬರುವುದು. ಅಲ್ಲಿ ಬೆಂಕಿ ತಾನೇ ಕುಣಿಯುತ್ತದೆ, ಶಾಖವನ್ನು ತಡೆದು ತಡೆದು ಬಿಡುವ ಚಾಪರ್ ಬೇಕೇ ಆಗಲಿಲ್ಲ.

ಕೊನೆಗೆ ಭಾವನನ್ನೇ ಶೆಡ್ಡಿನ ಮುಂದೆ ನಡೆಸಿದೆ. ನಾಲ್ಕು ಮೀಟರ್ ದೂರದಲ್ಲಿ ಲೈಟ್ ಹತ್ತಿತು. "ಅಂಗಡೀದೂ ಹೀಗೇ ಹತ್ತುತ್ತಲ್ಲ" ಅಂದರು. ಆದರೂ ಇನ್ನೊಂದು ಸಲ ಆಚೆಯಿಂದ ಈಚೆ ನಡೆದು ನೋಡಿದರು.