ಮಳೆ ಕುಡಿದ ಡೀಸೆಲ್ ಟ್ಯಾಂಕ್

ಮಳೆಗಾಲವೆಲ್ಲ ಶೆಡ್ಡಿನಲ್ಲಿ ನಿಂತಿದ್ದ ಹಳೇ ಡೀಸೆಲ್ ಜೀಪು ಸ್ಟಾರ್ಟ್ ಏನೋ ಆಗುತ್ತದೆ. ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆ ಏರು ಹತ್ತುವಾಗ ಮಾತ್ರ ಪಿಕಪ್ ಇಲ್ಲ, ಜಗ್ಗಿ ಜಗ್ಗಿ ನಿಂತುಬಿಡುತ್ತದೆ. ಫಿಲ್ಟರ್ ಬದಲಿಸಿದರೆ ನಾಲ್ಕು ದಿನ ಸರಿ, ಮತ್ತೆ ಅದೇ ಕಥೆ. ಹಾಗಿದ್ದರೆ ಟ್ಯಾಂಕ್ ನೋಡಿ.

ಅರ್ಧ ಖಾಲಿ ಟ್ಯಾಂಕಿನೊಳಗೆ ಗಾಳಿಯ ತೇವ ಹನಿಯಾಗುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳ ಸೇರುತ್ತದೆ, ತಗಡಿಗೆ ತುಕ್ಕು ಹಿಡಿಸುತ್ತದೆ. ನೀರೂ ಡೀಸೆಲೂ ಸೇರುವ ಕಡೆ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುವುದು ಇದರಿಂದಲೇ.

ಮೊದಲು ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿ ಡೀಸೆಲ್ ತೆಗೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕೆಳಗೆ ನೀರಿನ ಪದರ, ಅದರ ಮೇಲೆ ಕೊಳೆ ಕಂಡರೆ ಟ್ಯಾಂಕ್ ಇಳಿಸಲೇಬೇಕು.

ಮಳೆಯಿಲ್ಲದ ದಿನ ನೋಡಿ, ಗಾಳಿಯಾಡುವ ಜಾಗದಲ್ಲಿ ಕೆಲಸ ಶುರುಮಾಡಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಬೀಡಿ, ಸಿಗರೇಟು ದೂರ. ಡ್ರೈನ್ ಬೋಲ್ಟ್ ಬಿಚ್ಚಿ ಡೀಸೆಲ್ ಪೂರ್ತಿ ಇಳಿಸಿ, ಪೈಪುಗಳನ್ನೂ ಡೀಸೆಲ್ ಮಟ್ಟ ತೋರಿಸುವ ಗೇಜಿನ ಫ್ಲೋಟನ್ನೂ ತೆಗೆದು ಟ್ಯಾಂಕ್ ಕೆಳಗಿಳಿಸಿ. ಎರಡು ಲೀಟರ್ ಶುದ್ಧ ಡೀಸೆಲ್, ಒಂದು ಹಿಡಿ ಸಣ್ಣ ನಟ್ಟುಗಳನ್ನು ಒಳಗೆ ಹಾಕಿ ಚೆನ್ನಾಗಿ ಅಲ್ಲಾಡಿಸಿ. ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿಯೇ ತೆಗೆಯಿರಿ. ಒಂದು ಒಳಗೇ ಉಳಿದರೆ ಪ್ರತಿ ತಿರುವಿನಲ್ಲೂ ಅದರ ಸದ್ದು ಕೇಳಬೇಕು! ಬರುವ ಡೀಸೆಲ್ ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯಿರಿ. ಪೆಟ್ರೋಲ್ ಬೇಡವೇ ಬೇಡ. ತೂತು ಕಂಡರೆ ಸುಮ್ನೆ ವೆಲ್ಡಿಂಗ್‌ಗೆ ಒಯ್ಯಬೇಡಿ: ಖಾಲಿ ಟ್ಯಾಂಕಿನೊಳಗಿನ ಆವಿ ಸಿಡಿಯುತ್ತದೆ. ತೆಗೆದ ಕೊಳಕು ಡೀಸೆಲನ್ನು ತೋಡಿಗೆ ಚೆಲ್ಲಬೇಡಿ, ಅದು ಕೊನೆಗೆ ಸೇರುವುದು ಹೊಳೆಗೇ ಅಲ್ವಾ.

ಎರಡೂ ಕಡೆ ಬಿಚ್ಚಿದ ಪೈಪಿಗೆ ಗಾಳಿ ಹೊಡೆಸಿ. ಟ್ಯಾಂಕಿನೊಳಗಿನ ಜಾಲರಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಜಾಲರಿ ತೊಳೆಯಿರಿ. ಡ್ರೈನ್ ಬೋಲ್ಟಿಗೆ ಹೊಸ ವಾಷರ್, ಜೊತೆಗೆ ಹೊಸ ಫಿಲ್ಟರ್. ಟ್ಯಾಂಕ್ ಕೂರಿಸಿ ಡೀಸೆಲ್ ತುಂಬಿದ ಮೇಲೆ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ, ಅಂದರೆ ಏರ್ ತೆಗೆಯಬೇಕು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪಂಪ್ ಒತ್ತಿ, ಬಿಗಿ ಮಾಡಿ. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಪೈಪುಗಳ ಕೆಲಸ ಮೆಕ್ಯಾನಿಕ್‌ಗೆ ಬಿಡಿ. ಅಲ್ಲಿನ ಭಾರೀ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿಕೊಂಡು ಹೋಗುತ್ತದೆ. ಅಳಿದುಳಿದ ಕೊಳೆ ಬರುವುದರಿಂದ ಕೆಲವು ವಾರಗಳಲ್ಲಿ ಫಿಲ್ಟರ್ ಇನ್ನೊಮ್ಮೆ ಬದಲಿಸಬೇಕಾದೀತು.

ಇಷ್ಟು ಮಾಡಿ ತೋಟದ ಬ್ಯಾರಲ್ ಮರೆತರೆ ಶ್ರಮವೆಲ್ಲ ದಂಡ. ಸ್ಪ್ರಿಂಕ್ಲರ್ ಪಂಪಿಗೆಂದು ತಂದ ಡೀಸೆಲ್ಲನ್ನೇ ಜೀಪಿಗೂ ಹಾಕುತ್ತೇವೆ. ಬಯಲಲ್ಲಿ ನೆಟ್ಟಗೆ ನಿಲ್ಲಿಸಿದ ಬ್ಯಾರಲ್ಲಿನ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ಬಿಸಿಲಿಗೆ ಹಿಗ್ಗಿದ ಒಳಗಿನ ಗಾಳಿ ರಾತ್ರಿ ಚಳಿಗೆ ಕುಗ್ಗಿ, ಸಡಿಲ ಮುಚ್ಚಳದ ಸಂದಿಯಿಂದ ಆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬ್ಯಾರಲ್ ಸೂರಿನಡಿ ಇರಲಿ, ಡೀಸೆಲ್ ಎತ್ತುವ ಪೈಪಿನ ತುದಿ ತಳದಿಂದ ನಾಲ್ಕು ಬೆರಳು ಮೇಲಿರಲಿ.