ಸಂಧಿವಾತ ಇದ್ದೂ ತೂಕ ಎತ್ತಿದ್ದು: ನನ್ನ ಅನುಭವ

ಸಂಧಿವಾತ ಬಂದವರಿಗೆ ನಮ್ಮಲ್ಲಿ ಮೊದಲು ಸಿಗುವ ಸಲಹೆ "ಕೈಕಾಲಿಗೆ ರೆಸ್ಟ್ ಕೊಡಿ" ಅನ್ನೋದು. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಔಷಧದಿಂದ ನನ್ನ ನೋವು ಇಳಿದ ಮೇಲೂ ದೇಹಕ್ಕೆ ಬಲ ಬಂದಿರಲಿಲ್ಲ. ಅದು ಬಂದದ್ದು ತೂಕ ಎತ್ತಲು ಶುರು ಮಾಡಿದ ಮೇಲೆ. ಇದನ್ನು ಹೇಗೆ ಮಾಡಿದೆ, ಎಲ್ಲೆಲ್ಲಿ ಹುಷಾರಾಗಿದ್ದೆ ಅಂತ ಬರೆಯುತ್ತಿದ್ದೇನೆ.

ನನಗಿರುವುದು ರುಮಟಾಯ್ಡ್ ಆರ್ಥರೈಟಿಸ್. ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವಲ್ಲ. ದೇಹದ ರೋಗ ನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ದಾಳಿ ಮಾಡುವ ಕಾಯಿಲೆ ಇದು. ಸಾಮಾನ್ಯವಾಗಿ ಬೆರಳಿನ ಬುಡ, ನಡುಗೆಣ್ಣು, ಮಣಿಕಟ್ಟು, ಪಾದದ ಮುಂಭಾಗ ಊದಿಕೊಳ್ಳುತ್ತವೆ, ಅದೂ ಎರಡೂ ಕಡೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ನಾನು ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್. ಬೆಳಗಿನ ಮೊದಲ ಪೀರಿಯಡ್‌ನಲ್ಲಿ ಚಾಕ್‌ಪೀಸ್ ಹಿಡಿಯಲು ಆಗುತ್ತಿರಲಿಲ್ಲ. ಬೆರಳು ಬಿಗಿ ಹಿಡಿದಿದ್ದು ಸಡಿಲವಾಗಲು ಒಂದು ಗಂಟೆಗಿಂತ ಜಾಸ್ತಿ ಬೇಕಿತ್ತು. ಮನೆಯಲ್ಲಿ ಎಲ್ಲರೂ ಚಿಕೂನ್‌ಗುನ್ಯಾ ಇರಬಹುದು ಅಂದುಕೊಂಡೆವು. ಕೊನೆಗೆ ರುಮಟಾಲಜಿಸ್ಟ್, ಅಂದರೆ ಸಂಧಿವಾತದ ತಜ್ಞ ಡಾಕ್ಟರ್ ಹತ್ತಿರ ಹೋದಾಗ, ಈ ಕಾಯಿಲೆ ಪತ್ತೆಗೆ ಮಾಡುವ ಆರ್‌ಎ ಫ್ಯಾಕ್ಟರ್ ಮತ್ತು ಆಂಟಿ-ಸಿಸಿಪಿ ಎಂಬ ರಕ್ತ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಾತ್ರೆ ಬಿಟ್ಟು ವ್ಯಾಯಾಮದಿಂದಲೇ ವಾಸಿ ಮಾಡಿಕೊಂಡೆ ಅನ್ನುವ ಕಥೆ ಇದಲ್ಲ. ಅಂಥ ಕಥೆಗಳನ್ನು ದಯವಿಟ್ಟು ನಂಬಬೇಡಿ. ಕೀಲಿನೊಳಗಿನ ಉರಿಯೂತ ಮೂಳೆಯನ್ನು ತಿನ್ನುತ್ತಾ ಹೋಗುತ್ತೆ. ಅದನ್ನು ತಡೆಯುವ ಶಕ್ತಿ ವ್ಯಾಯಾಮಕ್ಕಿಲ್ಲ, ಔಷಧಕ್ಕಿದೆ. ನಾನು ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತೇನೆ. ಈ ಕಾಯಿಲೆಗೆ ಅದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಅದಕ್ಕೇ ನಮ್ಮನೆ ಕ್ಯಾಲೆಂಡರಿನಲ್ಲಿ ಭಾನುವಾರಕ್ಕೆಲ್ಲ ಕೆಂಪು ಗುರುತು ಹಾಕಿದ್ದೇನೆ. ಜೊತೆಗೆ ಫೋಲಿಕ್ ಆಸಿಡ್, ಆಗಾಗ ಲಿವರ್ ಮತ್ತು ರಕ್ತಕಣಗಳ ಪರೀಕ್ಷೆ. ಮೆಥೋಟ್ರೆಕ್ಸೇಟ್ ಕೆಲಸ ಶುರು ಮಾಡಲು ಹಲವು ವಾರ ಬೇಕು, ಅಲ್ಲಿಯವರೆಗೆ ಸಣ್ಣ ಡೋಸಿನ ಸ್ಟೀರಾಯ್ಡ್ ಕೊಟ್ಟಿದ್ದರು.

ಊತ ಇಳಿಯಿತು. ರಕ್ತದಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ಸಿಆರ್‌ಪಿ ಹತೋಟಿಗೆ ಬಂತು. ಆದರೂ ನೆಲದ ಮೇಲೆ ಕೂತರೆ ಯಾರಾದರೂ ಕೈ ಹಿಡಿದು ಎಬ್ಬಿಸಬೇಕಿತ್ತು. ಬಸ್ಸಿನ ಮೆಟ್ಟಿಲು ಹತ್ತುವಾಗ ತೊಡೆ ನಡುಗುತ್ತಿತ್ತು. ರಿಪೋರ್ಟ್ ಚೆನ್ನಾಗಿದೆ, ನಾನು ಮಾತ್ರ ಚೆನ್ನಾಗಿಲ್ಲ ಅನ್ನಿಸುತ್ತಿತ್ತು. ಇದಕ್ಕೆ ಕಾರಣ ಬಿಡಿಸಿ ಹೇಳಿದ್ದು ಫಿಸಿಯೋಥೆರಪಿಸ್ಟ್. "ಮೇಡಂ, ಈ ಕಾಯಿಲೆ ಕೀಲನ್ನು ಮಾತ್ರ ಅಲ್ಲ, ಸ್ನಾಯುವನ್ನೂ ಕರಗಿಸುತ್ತೆ. ಸ್ಟೀರಾಯ್ಡ್ ಸ್ವಲ್ಪ ಕರಗಿಸುತ್ತೆ. ತಿಂಗಳುಗಟ್ಟಲೆ ಸುಮ್ನೆ ಕೂತಿದ್ದು ಇನ್ನಷ್ಟು ಕರಗಿಸಿದೆ. ಕೀಲಿಗೆ ಆಸರೆ ಕೊಡೋದೇ ಸುತ್ತಲಿನ ಸ್ನಾಯು. ಅದಿಲ್ಲದಿದ್ದರೆ ಪೂರ್ತಿ ಭಾರ ಕೀಲಿನ ಮೇಲೇ ಬೀಳುತ್ತೆ" ಅಂದರು. ಅಮೆರಿಕದ ರುಮಟಾಲಜಿಸ್ಟ್‌ಗಳ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 2022ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಸಂಧಿವಾತ ಇರುವವರು ತಪ್ಪದೆ ವ್ಯಾಯಾಮ ಮಾಡಬೇಕು ಅನ್ನುವುದೇ ಎಲ್ಲಕ್ಕಿಂತ ಗಟ್ಟಿಯಾದ ಶಿಫಾರಸು ಅಂತ ಆಮೇಲೆ ಓದಿ ತಿಳಿದುಕೊಂಡೆ.

ನನ್ನ ಮೊದಲ ವ್ಯಾಯಾಮ ಕುರ್ಚಿಯಿಂದ ಏಳುವುದು. ಅಷ್ಟೇ. ಊಟದ ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿಕೊಂಡು, ಕೈ ಊರದೆ ಎದ್ದು, ನಿಧಾನಕ್ಕೆ ಕೂರುವುದು. ಸಲೀಸಾದ ಮೇಲೆ ಒಂದು ದಿಂಬು ತೆಗೆದೆ. ಆಮೇಲೆ ಇನ್ನೊಂದು. ಕೂರುವಾಗ ಧೊಪ್ಪನೆ ಬೀಳದೆ ಮೂರು ಎಣಿಸುತ್ತಾ ಇಳಿಯುವುದೇ ಇದರಲ್ಲಿ ಮುಖ್ಯ, ತೊಡೆಗೆ ಕೆಲಸ ಸಿಗುವುದು ಅಲ್ಲಿ. ಗೋಡೆಗೆ ಒತ್ತಿ ಮಾಡುವ ಪುಷ್‌ಅಪ್‌ಗೆ ಅಂಗೈ ಊರಿದರೆ ಮಣಿಕಟ್ಟು ಹಿಂದಕ್ಕೆ ಬಾಗಿ ನೋಯುತ್ತೆ. ಹಾಗಾಗಿ ಮುಂದೋಳನ್ನೇ ಗೋಡೆಗೆ ಊರಿ ಮಾಡಿದೆ.

ತೂಕದ ವಿಷಯಕ್ಕೆ ಬಂದಾಗ ದೊಡ್ಡ ತೊಡಕು ಹಿಡಿತ. ಡಂಬಲ್ ಹಿಡಿಯಲು ಬೆರಳೇ ಮಡಚದಿದ್ದರೆ? ಇದಕ್ಕೆ ಎರಡು ದಾರಿ ಸಿಕ್ಕಿತು. ಒಂದು, ಮಣಿಕಟ್ಟಿಗೂ ಕಾಲಿನ ಹರಡಿಗೂ ಕಟ್ಟಿಕೊಳ್ಳುವ ತೂಕದ ಪಟ್ಟಿ. ಮರಳು ತುಂಬಿದ್ದು, ಅರ್ಧ ಕೆಜಿಯಿಂದ ಸಿಗುತ್ತೆ, ಬೆರಳಿಗೆ ಕೆಲಸವೇ ಇಲ್ಲ. ಇನ್ನೊಂದು, ಹಿಡಿಯನ್ನು ದಪ್ಪ ಮಾಡುವುದು. ಡಂಬಲ್‌ನ ಹಿಡಿಗೆ ಫೋಮ್ ಸುತ್ತಿದರೆ ಬೆರಳನ್ನು ಪೂರ್ತಿ ಮಡಚಬೇಕಿಲ್ಲ, ಸಣ್ಣ ಕೀಲುಗಳ ಮೇಲೆ ಒತ್ತಡ ಕಮ್ಮಿ. ಇದೇ ಉಪಾಯವನ್ನು ಅಡುಗೆಮನೆಯಲ್ಲಿ ಸೌಟಿಗೂ ಚಾಕುವಿಗೂ ಮಾಡಿಕೊಂಡೆ.

ಕೈಗೇ ಬೇರೆ ವ್ಯಾಯಾಮ ಇದೆ. ಬ್ರಿಟನ್ನಿನಲ್ಲಿ 490 ಜನ ರುಮಟಾಯ್ಡ್ ರೋಗಿಗಳ ಮೇಲೆ ಸಾರಾ ಅನ್ನುವ ಹೆಸರಿನ ಅಧ್ಯಯನ ನಡೆದಿತ್ತು. ಕೈಯ ಸ್ನಾಯು ಬಲಪಡಿಸುವ ಮತ್ತು ಕೀಲು ಸಡಿಲಿಸುವ ವ್ಯಾಯಾಮ ಮಾಡಿದವರಿಗೆ ಒಂದು ವರ್ಷದ ಮೇಲೂ ಕೈ ಕೆಲಸ ಸುಧಾರಿಸಿದ್ದು ಅದರಲ್ಲಿ ಕಂಡುಬಂತು. ನೋವೇನೂ ಜಾಸ್ತಿ ಆಗಿರಲಿಲ್ಲ. ನಾನು ಮಾಡುವುದೂ ಆ ಬಗೆಯದ್ದೇ. ಬಿಸಿನೀರಿನಲ್ಲಿ ಕೈ ಅದ್ದಿ, ಬೆರಳು ಒಂದೊಂದೇ ಮಡಚಿ ಬಿಡಿಸಿ, ಆಮೇಲೆ ಮೆತ್ತನೆ ಚೆಂಡು ಹಿಸುಕುವುದು, ರಬ್ಬರ್ ಬ್ಯಾಂಡ್ ಹಾಕಿಕೊಂಡು ಬೆರಳು ಅಗಲಿಸುವುದು. ಕೈ ಊದಿರುವ ದಿನ ಚೆಂಡು ಮುಟ್ಟುವುದಿಲ್ಲ.

ಎಷ್ಟು ಮಾಡಿದರೆ ಸಾಕು, ಎಷ್ಟಾದರೆ ಅತಿ? ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ನನಗೆ ಕಲಿಸಿಕೊಟ್ಟದ್ದು ಎರಡು ಗಂಟೆಯ ನಿಯಮ. ವ್ಯಾಯಾಮ ಮುಗಿದು ಎರಡು ಗಂಟೆ ಆದ ಮೇಲೂ ಕೀಲಿನ ನೋವು ಮೊದಲಿಗಿಂತ ಜಾಸ್ತಿ ಇದ್ದರೆ ಮುಂದಿನ ಸಲ ತೂಕ ಅಥವಾ ಸಂಖ್ಯೆ ಇಳಿಸಬೇಕು. ಪೂರ್ತಿ ನಿಲ್ಲಿಸುವುದಲ್ಲ, ಇಳಿಸುವುದು. ಇದರ ಜೊತೆ ಎರಡು ಬಗೆಯ ನೋವನ್ನು ಬೇರೆ ಮಾಡಿ ನೋಡಲು ಕಲಿತೆ. ಮಾರನೇ ದಿನ ತೊಡೆಯ ಮಾಂಸದಲ್ಲಿ ಹಿಡಿದುಕೊಂಡಂತೆ ಆಗಿ, ಎರಡು ಮೂರು ದಿನದಲ್ಲಿ ಹೋಗುವುದು ಸ್ನಾಯುವಿನ ನೋವು. ಅದಕ್ಕೆ ಹೆದರಬೇಕಿಲ್ಲ. ಕೀಲು ಬಿಸಿಯಾಗಿ, ಊದಿ, ಬೆಳಗಿನ ಬಿಗಿತ ಮತ್ತೆ ಉದ್ದವಾದರೆ ಅದು ಕಾಯಿಲೆ ಕೆರಳಿದ್ದು. ಬೆರಳಲ್ಲಿ ಉಂಗುರ ಸಡಿಲ ಇದೆಯಾ, ಬಿಗಿಯಾಯಿತಾ ಅಂತ ನೋಡಿದರೆ ನನಗೆ ಬೇಗ ಗೊತ್ತಾಗುತ್ತೆ.

ಕೆರಳಿದ ದಿನಗಳಿಗೆ ಬೇರೆಯೇ ಪಟ್ಟಿ ಇದೆ. ಅವತ್ತು ತೂಕ ಇಲ್ಲ. ಮಲಗಿಕೊಂಡು ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು, ಅದನ್ನು ಒತ್ತಿ ತೊಡೆ ಬಿಗಿ ಮಾಡಿ ಐದು ಎಣಿಸಿ ಬಿಡುವುದು. ಕೀಲು ಅಲ್ಲಾಡುವುದಿಲ್ಲ, ಸ್ನಾಯುವಿಗೆ ಕೆಲಸ ಸಿಗುತ್ತೆ. ಮಾತ್ರೆ ತೆಗೆದುಕೊಂಡ ಮಾರನೇ ದಿನ ನನಗೆ ಸುಸ್ತು, ಹೊಟ್ಟೆ ತೊಳಸು. ಆದ್ದರಿಂದ ಸೋಮವಾರ ರಜೆ. ಉಳಿದ ದಿನವೂ ಬೆಳಿಗ್ಗೆ ಮಾಡುವುದಿಲ್ಲ. ಐದು ಗಂಟೆಗೆ ಎದ್ದು ವ್ಯಾಯಾಮ ಮಾಡುವವರೇ ಶಿಸ್ತಿನವರು ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ, ಅಲ್ವಾ? ಬೆಳಿಗ್ಗೆ ಬಿಗಿ ಹಿಡಿಯುವ ದೇಹಕ್ಕೆ ಅದು ಸರಿಹೊಂದುವುದಿಲ್ಲ. ನನ್ನ ಹೊತ್ತು ಸಂಜೆ, ಶಾಲೆ ಬಿಟ್ಟು ಕಾಫಿ ಕುಡಿದ ಮೇಲೆ.

ಯೋಗದ ಊರಿನಲ್ಲಿದ್ದೇನೆ, ಯೋಗ ಮಾಡಿ ಅಂದವರು ತುಂಬಾ ಜನ. ನಾನೂ ಮಾಡುತ್ತೇನೆ, ಆದರೆ ಆರಿಸಿಕೊಂಡು. ಈ ಕಾಯಿಲೆ ಕತ್ತಿನ ಮೇಲ್ಭಾಗದ ಮೂಳೆಗಳ ನಡುವಿನ ಹಿಡಿತವನ್ನೂ ಸಡಿಲ ಮಾಡಬಹುದು. ಆದ್ದರಿಂದ ಶೀರ್ಷಾಸನ, ಸರ್ವಾಂಗಾಸನ ನನಗೆ ಬೇಡವೇ ಬೇಡ. ಜಿಮ್ ಸೇರುವ ಮುಂಚೆ ಡಾಕ್ಟರ್ ಕತ್ತಿನ ಎಕ್ಸ್‌ರೇ ತೆಗೆಸಿದ್ದರು. ಮಂಡಿ ಊದಿದ್ದರೆ ವಜ್ರಾಸನ ಇಲ್ಲ. ಸೂರ್ಯ ನಮಸ್ಕಾರವನ್ನು ಕುರ್ಚಿ ಹಿಡಿದು ಮಾಡುತ್ತೇನೆ. ಗುಂಪಿನ ಕ್ಲಾಸಿನಲ್ಲಿ ಎಲ್ಲರ ಹಾಗೆ ಮಾಡಲು ಮುಜುಗರಪಟ್ಟು ನೋವು ನುಂಗಿಕೊಳ್ಳುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ನಡಿಗೆಗೆ ಕುಕ್ಕರಹಳ್ಳಿ ಕೆರೆ ಏರಿ. ಸಂಧಿವಾತ ಇರುವವರಿಗೆ ಹೃದಯದ ಕಾಯಿಲೆಯ ಅಪಾಯವೂ ಜಾಸ್ತಿ, ಹಾಗಾಗಿ ನಡಿಗೆ ಬಿಡುವಂತಿಲ್ಲ. ಮೆತ್ತನೆ ಅಟ್ಟೆಯ, ಮುಂಭಾಗ ಅಗಲ ಇರುವ ಶೂ ಹಾಕುತ್ತೇನೆ. ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಗೆಳತಿಯರು ಕರೆದರೆ ಹತ್ತಲು ಮಾತ್ರ ಹೋಗಿ, ಇಳಿಯಲು ಬಸ್ ಹಿಡಿಯುತ್ತೇನೆ. ನನ್ನ ಮಂಡಿಗೆ ಇಳಿಯುವುದೇ ಕಷ್ಟ.

ಊಟದಲ್ಲಿ ಬದಲಾಗಿದ್ದು ಕಾಳು. ಬೇಳೆ, ಅವರೆಕಾಳು ವಾಯು, ತಿನ್ನಬೇಡ ಅಂತ ನಮ್ಮತ್ತೆ ಹೇಳುತ್ತಿದ್ದರು. ಸ್ನಾಯು ಕಟ್ಟಲು ಪ್ರೊಟೀನ್ ಬೇಕೇ ಬೇಕು. ಡಾಕ್ಟರ್ ಹತ್ತಿರ ಅವರನ್ನೇ ಕರೆದುಕೊಂಡು ಹೋಗಿ ಕೇಳಿಸಿದೆ. ಈಗ ಹುರುಳಿಕಾಳು ಬಸ್ಸಾರು, ಮೊಳಕೆ ಕಾಳು ಅವರೇ ಮಾಡಿಕೊಡುತ್ತಾರೆ. ಜೊತೆಗೆ ಮೊಸರು, ದಿನಾ ಮೊಟ್ಟೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೊಟೀನ್ ಸಿಗುತ್ತೆ.

ಬಲ ಬಂದದ್ದು ನನಗೆ ಗೊತ್ತಾಗಿದ್ದು ಮನೆಯ ಕೆಲಸದಲ್ಲಿ. ತುಂಬಿದ ಕುಕ್ಕರನ್ನು ಎರಡೂ ಕೈಯಿಂದ ಒಲೆಯಿಂದ ಇಳಿಸಿದೆ. ವರಮಹಾಲಕ್ಷ್ಮಿ ಪೂಜೆಗೆ ನೆಲದ ಮೇಲೆ ಕೂತು, ಯಾರ ಕೈಯನ್ನೂ ಹಿಡಿಯದೆ ಎದ್ದೆ. ಅತ್ತೆ ನೋಡಿ, "ಏಳ್ತೀಯಲ್ಲಮ್ಮಾ!" ಅಂದರು. ಬಟ್ಟೆ ಹಿಂಡುವುದು ಮಾತ್ರ ಇವತ್ತಿಗೂ ಆಗುವುದಿಲ್ಲ. ಮಣಿಕಟ್ಟು ತಿರುಚುವ ಕೆಲಸವನ್ನು ಮಷೀನಿಗೆ ಬಿಟ್ಟಿದ್ದೇನೆ.

ನೀವೂ ಶುರು ಮಾಡುವುದಾದರೆ, ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಇಷ್ಟು ಕೇಳಿ ಬನ್ನಿ. ನನ್ನ ಯಾವ ಕೀಲಿಗೆ ಈಗಾಗಲೇ ಹಾನಿ ಆಗಿದೆ? ಕತ್ತು ಸರಿ ಇದೆಯಾ? ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ ಮೂಳೆ ಸಾಂದ್ರತೆಯ ಪರೀಕ್ಷೆ ಬೇಕಾ? ಉತ್ತರವನ್ನು ಬರೆದುಕೊಂಡು ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಕುರ್ಚಿಗೆ ದಿಂಬು ಎಷ್ಟು ಹಾಕಬೇಕು ಅನ್ನುವುದನ್ನು ಅವರು ನಿಮ್ಮನ್ನು ಕೂರಿಸಿ ನೋಡಿಯೇ ಹೇಳುತ್ತಾರೆ.